ಆಕ್ಸಲ್ ಎರಡನೇ ಸಲ ಕಟ್ ಆಯ್ತು, ಇಎನ್ 24 ಉಕ್ಕಿನಲ್ಲಿ ಮಾಡಿಸಿದರೆ ನಿಲ್ಲುತ್ತಾ?

ಮಂಡಕ್ಕಿ ಡೀಸೆಲ್ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಡೀಸೆಲ್ ಸ್ವಿಫ್ಟ್. ನಮ್ಮದು ಮಂಡಕ್ಕಿ ಭಟ್ಟಿ ಮನೆ. ವಾರದಲ್ಲಿ ಆರು ದಿನ ಈ ಗಾಡಿ ಅಂಗಡಿಗಳಿಗೆ ಚೀಲ ಹೊರುತ್ತದೆ, ಏಳನೇ ದಿನ ನನ್ನ ಹುಚ್ಚು ಹೊರುತ್ತದೆ. ಕಂಪನಿಯಿಂದ ಬಂದಾಗ ಇದರ ಟಾರ್ಕ್ (ಎಂಜಿನ್ ತಿರುಗಿಸುವ ಬಲ) 190 ಎನ್‌ಎಂ, ಅಂದರೆ ನ್ಯೂಟನ್ ಮೀಟರ್. ಈಗ ದೊಡ್ಡ ಟರ್ಬೊ, ರೀಮ್ಯಾಪ್ (ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾವಣೆ), ಗಟ್ಟಿ ಕ್ಲಚ್ ಎಲ್ಲಾ ಸೇರಿ ಡೈನೊ ಅನ್ನುವ ಅಳತೆ ಮೆಷಿನ್ ಮೇಲೆ 270 ತೋರಿಸಿತು. ಅಪ್ಪನಿಗೆ ಇದೆಲ್ಲ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕಳೆದ ತಿಂಗಳು ಒಂದು ಡ್ರ್ಯಾಗ್ ಈವೆಂಟ್‌ಗೆ (ನಿಂತಲ್ಲಿಂದ 402 ಮೀಟರ್ ನೇರ ಓಟ) ಹೋಗಿದ್ದೆ. ಎರಡು ರನ್ ಚೆನ್ನಾಗಿಯೇ ಆಯಿತು. ಮೂರನೆಯದರಲ್ಲಿ ಹಸಿರು ಲೈಟ್ ಬಂತು, 2,800 ಆರ್‌ಪಿಎಂನಲ್ಲಿ ಕ್ಲಚ್ ಬಿಟ್ಟೆ. ಮುಂದಿನ ಚಕ್ರಗಳು ದಡ ದಡ ದಡ ಅಂತ ಕುಣಿದವು, ಸ್ಟೀರಿಂಗ್ ಕೈ ಬಿಡಿಸಿಕೊಳ್ಳುವ ಹಾಗೆ ಅಲ್ಲಾಡಿತು. ಆಮೇಲೆ ಲಕ್ಷ್ಮಿ ಪಟಾಕಿ ಹೊಡೆದಂಥ ಒಂದು ಸದ್ದು. ಎಂಜಿನ್ ಒದರುತ್ತಿದೆ, ಗಾಡಿ ನಿಂತಲ್ಲೇ ನಿಂತಿದೆ. ಪಕ್ಕದ ಲೇನ್‌ನವನು 402 ಮೀಟರ್ ಮುಗಿಸಿ ವಾಪಸ್ ಬರುವಾಗ ನಾನಿನ್ನೂ ಗೆರೆ ಹತ್ತಿರವೇ ಗಾಡಿ ತಳ್ಳುತ್ತಿದ್ದೆ.

ಕಟ್ ಆಗಿದ್ದು ಗೇರ್‌ಬಾಕ್ಸ್‌ನಿಂದ ಮುಂದಿನ ಚಕ್ರಗಳಿಗೆ ಹೋಗುವ ಎರಡು ಆಕ್ಸಲ್‌ಗಳಲ್ಲಿ ಉದ್ದನೆಯದು. ಎಂಟು ತಿಂಗಳ ಹಿಂದೆ ಅದೇ ಕಡೆ ಹೊರಗಿನ ಸಿವಿ ಜಾಯಿಂಟ್ (ಆಕ್ಸಲ್ ಓರೆಯಾದರೂ ತಿರುಗಲು ಬಿಡುವ ಕೀಲು) ಕಪ್ ಒಡೆದಿತ್ತು. ಅದು ನನ್ನದೇ ತಪ್ಪು. ಅದರ ಮೇಲಿನ ರಬ್ಬರ್ ಚೀಲ (ಬೂಟ್) ಹರಿದು ಗ್ರೀಸ್ ಎಲ್ಲಾ ರಿಮ್‌ಗೆ ಎರಚುತ್ತಿದ್ದರೂ ಎರಡು ತಿಂಗಳು ಹಾಗೇ ಓಡಿಸಿದ್ದೆ. ಆಗ ದುಡ್ಡಿರಲಿಲ್ಲ, ಗುಜರಿಯಲ್ಲಿ ಸಿಕ್ಕ ಹಳೇ ಆಕ್ಸಲ್ ಹಾಕಿಸಿದೆ. ಈಗ ಮುರಿದಿದ್ದು ಅದೇ.

ನಮ್ಮ ಮೇಸ್ತ್ರಿ ಹೇಳುವುದು: "ಚಿತ್ರದುರ್ಗದಲ್ಲಿ ಲಾರಿ ಕೆಲಸ ಮಾಡೋ ಲೇತ್‌ನವರಿದ್ದಾರೆ. ಇಎನ್ 24 ರಾಡ್ ತಗೊಂಡು ಹೋಗು, ಎರಡು ಎಂಎಂ ಜಾಸ್ತಿ ದಪ್ಪ ಮಾಡಿಸ್ಕೊಂಡು ಬಾ. ಜನ್ಮದಲ್ಲಿ ಮುರಿಯಲ್ಲ." ಇನ್ನೊಬ್ಬ ಗೆಳೆಯ ಹೇಳುವುದು: ಮುರಿದಿದ್ದನ್ನೇ ಒಳಗೊಂದು ಪಿನ್ ಹೊಡೆದು ವೆಲ್ಡ್ ಮಾಡಿಸು. ಇದನ್ನು ನಾನೇ ನಂಬಲಿಲ್ಲ.

ಎರಡು ಎಂಎಂ ದಪ್ಪ ಆದರೆ ನಿಜವಾಗಿ ಎಷ್ಟು ಗಟ್ಟಿ ಆಗುತ್ತದೆ? ಯಾರಾದರೂ ಮಾಡಿಸಿದ್ದೀರಾ?

402 ಮೀಟರ್ (ದಾವಣಗೆರೆ):

ವೆಲ್ಡ್ ಅಂದವನ ಗಾಡಿಯಲ್ಲಿ ಕೂರಬೇಡಿ ಬ್ರೋ. ಗಟ್ಟಿ ಮಾಡಿದ ಉಕ್ಕಿಗೆ ವೆಲ್ಡ್ ಶಾಖ ಬಿದ್ದರೆ ಆ ಜಾಗದ ಗಟ್ಟಿತನ ಹೋಗುತ್ತದೆ. ಅದರ ಪಕ್ಕದ ಪಟ್ಟಿ ಗಾಜಿನ ಹಾಗೆ ಪೆಡಸಾಗುತ್ತದೆ.

ನಾನು ಇಲ್ಲಿನ ಯುಬಿಡಿಟಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವನು, ಆ ಲೆಕ್ಕ ಇನ್ನೂ ಮರೆತಿಲ್ಲ. ತಿರುಚುವ ಬಲ ತಡೆಯುವ ಶಕ್ತಿ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. ನಿಮ್ಮ ಆಕ್ಸಲ್ ನಡುವೆ ವರ್ನಿಯರ್ ಇಟ್ಟು ನೋಡಿ ಹೇಳಿ.

ಮಂಡಕ್ಕಿ ಡೀಸೆಲ್:

ನೋಡಿದೆ. ನಡುವೆ 24 ಎಂಎಂ. ಸ್ಪ್ಲೈನ್ (ಜಾಯಿಂಟ್ ಒಳಗೆ ಕೂರುವ ಹಲ್ಲುಗಳ) ತುದಿಯಲ್ಲಿ ಹಲ್ಲಿನ ಮೇಲೆ ಇಟ್ಟರೆ ಸ್ವಲ್ಪ ಜಾಸ್ತಿ ಬರುತ್ತದೆ, ಹಲ್ಲಿನ ಬುಡಕ್ಕೆ ವರ್ನಿಯರ್ ಇಳಿಯಲಿಲ್ಲ.

402 ಮೀಟರ್:

24ರಿಂದ 26 ಆದರೆ 27 ಪರ್ಸೆಂಟ್ ಜಾಸ್ತಿ ತಡೆಯುತ್ತದೆ, ಅದೇ ಉಕ್ಕು ಅಂದರೆ ಮಾತ್ರ. ಎರಡೇ ಎಂಎಂಗೆ ಇಷ್ಟಾ ಅನ್ನಿಸುತ್ತದೆ ಅಲ್ವಾ? ಘನದ ಮಹಿಮೆ.

ಈಗ ನಿಮ್ಮ ಎಂಜಿನ್ ಏನು ಕೊಡುತ್ತದೆ ನೋಡೋಣ. ಮೊದಲ ಗೇರ್ ಟಾರ್ಕನ್ನು 3.5 ಪಟ್ಟು, ಅದರ ನಂತರದ ಫೈನಲ್ ಡ್ರೈವ್ ಗೇರ್ ಮತ್ತೆ 3.5 ಪಟ್ಟು ಮಾಡುತ್ತದೆ ಅಂತ ಸುಮ್ನೆ ದುಂಡಗೆ ಹಿಡಿಯೋಣ. 270 ಅನ್ನು ಅವೆರಡರಿಂದ ಗುಣಿಸಿದರೆ 3,300 ಎನ್‌ಎಂ. ಎರಡು ಆಕ್ಸಲ್‌ಗೆ ಹಂಚಿದರೆ ಒಂದಕ್ಕೆ 1,650.

ಆದರೆ ಟೈರ್ ಅಷ್ಟನ್ನು ಹಿಡಿಯುವುದಿಲ್ಲ, ಮಜಾ ಇರುವುದು ಇಲ್ಲೇ. ನೀವು ಕೂತರೆ ಗಾಡಿ 1,150 ಕಿಲೋ ಅನ್ನೋಣ. ಲಾಂಚ್ ಮಾಡಿದಾಗ, ಅಂದರೆ ನಿಂತಲ್ಲಿಂದ ಎಗರಿಸಿದಾಗ, ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರಗಳ ಮೇಲೆ ಉಳಿಯುವುದು 600 ಕಿಲೋ ಆಸುಪಾಸು. ಮಾಮೂಲಿ ಟೈರ್‌ನ ಹಿಡಿತ 0.9, ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಅಂದರೆ ಒಂದು ಆಕ್ಸಲ್‌ಗೆ ಬೀಳುವುದು ಬರೀ 800 ಎನ್‌ಎಂ ಹತ್ತಿರ. ಅದರ ಮೇಲೆ ಹೋದರೆ ಟೈರ್ ಜಾರುತ್ತದೆ. ಅಂದರೆ ಟೈರೇ ನಿಮ್ಮ ಫ್ಯೂಸ್. ರೇಸಿನ ಅಂಟು ಟೈರ್ ಹಾಕಿ ಹಿಡಿತ 1.2 ಆದರೆ ಅದೇ 1,050 ಆಗುತ್ತದೆ. ನೀವು ಟರ್ಬೊ ಹಾಕಿದ್ದಕ್ಕೆ ಆಕ್ಸಲ್ ಭಾರ ಏರಿಲ್ಲ, ಟೈರ್ ಬದಲಿಸಿದರೆ ಏರುತ್ತದೆ.

ಹಾಗಾದರೆ ಮಾಮೂಲಿ ಟೈರ್‌ನಲ್ಲಿ ನಿಮ್ಮದು ಯಾಕೆ ಮುರಿಯಿತು? ಅದು ನನಗೂ ತಲೆಗೆ ಹೋಗುತ್ತಿಲ್ಲ.

ದುರ್ಗದ ಲೇತ್ (ಚಿತ್ರದುರ್ಗ):

ತಮ್ಮಾ, ಮುರಿದ ಮುಖದ ಫೋಟೊ ಹಾಕು. ಉದ್ದದ್ದು ಬೇಡ, ಮುರಿದ ಜಾಗ ಹತ್ತಿರದಿಂದ. ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಗ್ರೀಸ್ ಒರೆಸು. ಉಜ್ಜುಕಾಗದ ಮುಟ್ಟಿಸಬೇಡ. ಎರಡು ತುಂಡನ್ನು ಒಂದಕ್ಕೊಂದು ಕೂರಿಸಿ ನೋಡಬೇಡ, ಗುರುತು ಅಳಿಸಿ ಹೋಗುತ್ತದೆ.

ಮಂಡಕ್ಕಿ ಡೀಸೆಲ್:

ಹಾಕಿದ್ದೇನೆ ಅಣ್ಣ. ಒಳಗಿನ ಜಾಯಿಂಟ್ ಕಡೆ, ಸ್ಪ್ಲೈನ್ ಶುರುವಾಗುವುದಕ್ಕೆ ಎರಡು ಬೆರಳು ಹಿಂದೆ, ಬೂಟ್ ಕ್ಲಿಪ್ ಕೂರುವ ಜಾಗದಲ್ಲಿ ಮುರಿದಿದೆ. ಓರೆಯಾಗಿ ಸುತ್ತಿಕೊಂಡು ಹೋಗಿದೆ. ಒಂದು ಅಂಚಲ್ಲಿ ಬೆರಳುಗುರು ಅಷ್ಟಗಲ ಕಂದು ಬಣ್ಣ, ಉಳಿದದ್ದು ಬೂದಿ ಬಣ್ಣ, ಸಕ್ಕರೆ ಕಲ್ಲಿನ ಹಾಗೆ ಮಿಣಮಿಣ.

ದುರ್ಗದ ಲೇತ್:

ನೋಡಿದೆ. ಈಗ ಕೇಳು.

ಒಂದು ಚಾಕ್‌ಪೀಸ್ ತಗೊಂಡು ಎರಡು ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚು. ಓರೆಯಾಗಿ, ತಿರುಪಿನ ಹಾಗೆ ಸುತ್ತಿ ಮುರಿಯುತ್ತದೆ. ಇನ್ನು ಮೆತ್ತನೆ ಬೋಲ್ಟ್ ಒಂದನ್ನು ಉದ್ದ ಪೈಪ್ ಹಾಕಿ ಬಿಗಿ ಮಾಡಿ ಕಟ್ ಮಾಡಿರುತ್ತೀಯಲ್ಲ? ಅದು ಚಾಕುವಿನಲ್ಲಿ ಕುಯ್ದ ಹಾಗೆ ಸಪಾಟಾಗಿ ತುಂಡಾಗುತ್ತದೆ. ಆಕ್ಸಲ್ ಸಪಾಟಾಗಿ ತುಂಡಾಗಿ ಪಕ್ಕದ ಸ್ಪ್ಲೈನ್ ಹಲ್ಲು ತಿರುಚಿಕೊಂಡಿದ್ದರೆ, ಅದು ಭಾರ ತಡೆಯಲಾರದೆ ಹೋಗಿದೆ ಅಂತ. ಆಗ ದಪ್ಪ ಮಾಡು, ಒಳ್ಳೆ ಉಕ್ಕು ಹಾಕು, ಒಪ್ಪುತ್ತೇನೆ. ನಿನ್ನದು ಓರೆ. ಜೊತೆಗೆ ಆ ಕಂದು ಕಲೆ. ಅದನ್ನು ಭೂತಗನ್ನಡಿಯಲ್ಲಿ ನೋಡು, ಮರದ ತುಂಡಿನಲ್ಲಿರುವ ಹಾಗೆ ಬಳೆ ಬಳೆ ಗೆರೆ ಕಾಣುತ್ತದೆ. ಅಷ್ಟು ಭಾಗ ಮುಂಚೆಯೇ ಬಿರುಕು ಬಿಟ್ಟು, ತೇವ ಹೊಕ್ಕು ತುಕ್ಕು ಹಿಡಿದಿತ್ತು. ನಿನ್ನ ಮೂರನೇ ರನ್‌ನಲ್ಲಿ ಮುರಿದಿದ್ದು ಬೂದಿ ಬಣ್ಣದ್ದು ಮಾತ್ರ. ಬಿರುಕು ಶುರುವಾದ ಜಾಗ ನೋಡು, ಅಲ್ಲೊಂದು ಅಡ್ಡ ಗಾಯ ಇದೆ. ಯಾರೋ ಪುಣ್ಯಾತ್ಮ ಹಳೇ ಬೂಟ್ ಕ್ಲಿಪ್ ಬಿಡಿಸುವಾಗ ಉಳಿ ಇಟ್ಟು ಹೊಡೆದಿದ್ದಾನೆ. ನೀನು ಗುಜರಿಯಿಂದ ತಂದಿದ್ದು ಅರ್ಧ ಸತ್ತ ಆಕ್ಸಲ್.

ಇನ್ನು ಇಎನ್ 24. ನಾನು ಮಾಡಿಕೊಡಬಲ್ಲೆ. ಆದರೆ ಮಾಡಿಕೊಡುವುದಿಲ್ಲ.

ನನ್ನ ಹತ್ತಿರ ಇರುವುದು ಹರಿಹರದ ಕಿರ್ಲೋಸ್ಕರ್ ಲೇತ್, ನಮ್ಮಪ್ಪ ತಂದಿದ್ದು. ಇವತ್ತಿಗೂ ಕೂದಲೆಳೆ ತಪ್ಪುವುದಿಲ್ಲ. ರಾಡ್ ತಿರುವಿ ಕೊಡುವುದು ಒಂದು ಗಂಟೆ ಕೆಲಸ. ಸ್ಪ್ಲೈನ್ ಲೇತ್‌ನಲ್ಲಿ ಆಗುವುದಿಲ್ಲ, ಅದಕ್ಕೆ ಹಲ್ಲು ಕೊರೆಯುವ ಹಾಬಿಂಗ್ ಮೆಷಿನ್ ಬೇಕು. ಮಿಲ್ಲಿಂಗ್‌ನಲ್ಲಿ ಒಂದೊಂದೇ ಹಲ್ಲು ಎಣಿಸಿ ಕೊರೆಯುವವರಿದ್ದಾರೆ. ಒಂದು ಹಲ್ಲು ಸ್ವಲ್ಪ ದಪ್ಪ ಆದರೂ ಭಾರ ಎಲ್ಲಾ ಆ ಒಂದರ ಮೇಲೆ ಕೂರುತ್ತದೆ. ಆಮೇಲೆ ಹೀಟ್ ಟ್ರೀಟ್‌ಮೆಂಟ್. ಇಎನ್ 24 ಅನ್ನುವುದು ನಿಕಲ್, ಕ್ರೋಮ್, ಮಾಲಿಬ್ಡಿನಂ ಬೆರೆಸಿದ ಉಕ್ಕು. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ಕಾಯಿಸಿದರೆ ಅದರಂಥದ್ದಿಲ್ಲ. ಹದ ಮಾಡದೆ ಬಂದ ರಾಡನ್ನು ಹಾಗೇ ತಿರುವಿ ಹಾಕಿದರೆ ಹೆಸರಿಗೆ ಮಾತ್ರ ಇಎನ್ 24. ನಿನ್ನ ಕಂಪನಿ ಆಕ್ಸಲ್ ಅದಕ್ಕಿಂತ ಸಾದಾ ಉಕ್ಕಿನದ್ದೇ ಇರಬಹುದು, ಆದರೆ ಅದರ ಮೈಯನ್ನು ಇಂಡಕ್ಷನ್‌ನಲ್ಲಿ (ಕರೆಂಟ್ ಸುರುಳಿಯಿಂದ ಕಾಯಿಸಿ) ಗಟ್ಟಿ ಮಾಡಿರುತ್ತಾರೆ. ತಿರುಚುವಾಗ ಪೆಟ್ಟು ಬೀಳುವುದು ಹೊರಮೈಗೆ, ಒಳಗಿನ ತಿರುಳಿಗೆ ಕೆಲಸ ಕಡಿಮೆ. 24 ಎಂಎಂ ರಾಡಿನ ನಡುವೆ 12 ಎಂಎಂ ತೂತು ಕೊರೆದರೂ ಶಕ್ತಿ ಹೋಗುವುದು 6 ಪರ್ಸೆಂಟ್ ಚಿಲ್ಲರೆ ಅಷ್ಟೇ. ತೂಕ ಮಾತ್ರ ಕಾಲು ಭಾಗ ಇಳಿಯುತ್ತದೆ.

ದಪ್ಪದ ವಿಷಯ. ನಡುವೆ 26 ಮಾಡುತ್ತೀಯ ಸರಿ, ತುದಿ ಏನು ಮಾಡುತ್ತೀಯ? ಜಾಯಿಂಟ್‌ನ ತೂತು ಇದ್ದಷ್ಟೇ ಇರುತ್ತದೆ. ನಡು ದಪ್ಪ, ಕುತ್ತಿಗೆ ಸಣ್ಣ ಆದರೆ ತಿರುಚಾಟವೆಲ್ಲ ಕುತ್ತಿಗೆಗೆ ಬಂದು ಕೂರುತ್ತದೆ. ಬಲ್ಲವರು ಉಲ್ಟಾ ಮಾಡುತ್ತಾರೆ. ನಡುಭಾಗವನ್ನು ಸ್ಪ್ಲೈನ್ ಹಲ್ಲಿನ ಬುಡಕ್ಕಿಂತ ಒಂದು ಕೂದಲು ಸಣ್ಣ ಇಟ್ಟು, ಉದ್ದಕ್ಕೂ ನುಣ್ಣಗೆ ಉಜ್ಜಿ, ತುದಿಗೆ ಬರುವಾಗ ಅಗಲವಾದ ರೇಡಿಯಸ್ (ದುಂಡನೆ ತಿರುವು) ಕೊಟ್ಟು ಏರಿಸುತ್ತಾರೆ. ತಿರುಚಿದರೆ ಇಡೀ ನಡು ತಿರುಚಲಿ, ಒಂದೇ ಜಾಗ ಬೇಡ ಅಂತ.

ಈ ರೇಡಿಯಸ್ ಪಾಠ ನಾನು ದುಡ್ಡು ಕೊಟ್ಟು ಕಲಿತಿದ್ದು. ಹೊಸದಾಗಿ ಲೇತ್ ಹಿಡಿದಾಗ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿಗೆ ಶಾಫ್ಟ್ ಮಾಡಿಕೊಟ್ಟಿದ್ದೆ. ಮೆಟ್ಟಿಲು ಬರುವ ಕಡೆ ಟೂಲ್ ಚೂಪಾಗಿ ಇಳಿಸಿ ತೊಂಬತ್ತು ಡಿಗ್ರಿ ಮೂಲೆ ಬಿಟ್ಟಿದ್ದೆ, ನೋಡುವುದಕ್ಕೆ ಚೆಂದ. ಹದಿನೈದು ದಿನಕ್ಕೆ ಆ ಮೂಲೆಯಲ್ಲೇ ಮುರಿದು ವಾಪಸ್ ಬಂತು. ನಮ್ಮಪ್ಪ ಬೈಯಲಿಲ್ಲ. ಅದನ್ನು ಟೂಲ್ ಪೆಟ್ಟಿಗೆ ಮೇಲೆ ಇಟ್ಟರು ಅಷ್ಟೇ. ಇನ್ನೂ ಅಲ್ಲೇ ಇದೆ.

402 ಮೀಟರ್ ಕೇಳಿದ್ದಕ್ಕೆ ಉತ್ತರ: ಆ ದಡ ದಡ ಕುಣಿತ. ಬಾವಿಯ ಹಗ್ಗ ತುಂಬಿದ ಕೊಡ ಎತ್ತುತ್ತದೆ. ಅದೇ ಹಗ್ಗಕ್ಕೆ ಕೊಡ ಎತ್ತಿ ಎತ್ತಿ ಹಾಕಿ ಜಗ್ಗು, ಹರಿಯುತ್ತದೆ. ಚಕ್ರ ಹಿಡಿದಾಗ ಆಕ್ಸಲ್ ಸ್ಪ್ರಿಂಗ್ ಹಾಗೆ ಸುತ್ತಿಕೊಳ್ಳುತ್ತದೆ. ಟೈರ್ ಜಾರಿದಾಗ ಬಿಚ್ಚಿಕೊಂಡು ಚಕ್ರ ಜೋರಾಗಿ ತಿರುಗುತ್ತದೆ. ಮತ್ತೆ ಟೈರ್ ನೆಲ ಕಚ್ಚಿದ ಕೂಡಲೇ ಚಕ್ರ, ಡಿಸ್ಕ್, ಗೇರು, ಫ್ಲೈವೀಲ್ ಎಲ್ಲದರ ಓಟ ಒಂದೇ ಏಟಿಗೆ ಆಕ್ಸಲ್ ಮೇಲೆ ಬೀಳುತ್ತದೆ. ಸೆಕೆಂಡಿಗೆ ಹತ್ತಾರು ಸಲ ಸುತ್ತಿಗೆ ಏಟು. ಆಗ ನಿಮ್ಮ 800ರ ಲೆಕ್ಕ ಎಲ್ಲಿ ಉಳಿಯಿತು?

ಕುಣಿತ ನಿಲ್ಲಿಸದೆ ಆಕ್ಸಲ್ ಗಟ್ಟಿ ಮಾಡಿದರೆ ಏಟು ಗೇರ್‌ಬಾಕ್ಸ್ ಒಳಗೆ ಹೋಗುತ್ತದೆ. ಆಕ್ಸಲ್ ಬಿಚ್ಚಿ ಹಾಕುವುದು ಅರ್ಧ ದಿನದ ಕೆಲಸ. ಎರಡು ಆಕ್ಸಲ್‌ಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಪಿನಿಯನ್ ಗೇರ್ ಹೋದರೆ ಕೇಸಿಂಗನ್ನೂ ಒಡೆದುಕೊಂಡೇ ಹೋಗುತ್ತದೆ.

ಮೊದಲು ಎಂಜಿನ್ ಮೌಂಟಿಂಗ್ ನೋಡು, ಮುಖ್ಯವಾಗಿ ಕೆಳಗಡೆ ಎಂಜಿನ್ ಹಿಂದೆ ಮುಂದೆ ಆಡದಂತೆ ಹಿಡಿದಿರುವುದು. ಬಾನೆಟ್ ಎತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಬ್ರೇಕ್ ಒತ್ತಿ ಫಸ್ಟ್ ಗೇರ್‌ನಲ್ಲಿ ಕ್ಲಚ್ ಸ್ವಲ್ಪ ಬಿಡಲಿ, ಆಮೇಲೆ ರಿವರ್ಸ್‌ನಲ್ಲಿ. ನೀನು ಪಕ್ಕದಲ್ಲಿ ನಿಂತು ನೋಡು. ಗಾಡಿ ಮುಂದೆ ನಿಲ್ಲಬೇಡ.

ಜಿಪ್ಸಿ ಹಿರಿಯೂರು:

ಅಣ್ಣ ಹೇಳಿದ್ದು ನೂರಕ್ಕೆ ನೂರು. ಹಿಂದಿನ ಚಕ್ರ ಓಡಿಸುವ ಗಾಡಿಯವರಿಗೆ ಒಂದು ಮಾತು ಸೇರಿಸುತ್ತೇನೆ, ಇಲ್ಲಿ ಜಿಪ್ಸಿ, ಓಮ್ನಿ ಇಟ್ಟುಕೊಂಡವರು ಇದ್ದೇ ಇರುತ್ತಾರೆ.

ನಮ್ಮಲ್ಲಿ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ ಬೀಳುವುದು ಎಂಜಿನ್ ಟಾರ್ಕ್ ಗುಣಿಸು ಗೇರ್ ಅಷ್ಟೇ. ಹಿಂದಿನ ಎರಡು ಆಕ್ಸಲ್ ನಡುವಿನ ಕ್ರೌನ್ ಪಿನಿಯನ್ ಗೇರ್ ಆದಮೇಲೆ ಅದು ಮತ್ತೆ ನಾಲ್ಕು ಪಟ್ಟು ಹತ್ತಿರ ಆಗುತ್ತದೆ, ಅದನ್ನು ಹಿಂದಿನ ಎರಡು ಆಕ್ಸಲ್ ಹಂಚಿಕೊಳ್ಳುತ್ತವೆ. ಪ್ರೊಪೆಲ್ಲರ್‌ಗೆ ಭಾರ ಕಡಿಮೆ, ಸ್ಪೀಡ್ ಜಾಸ್ತಿ. ಅದಕ್ಕೇ ಅದು ದಪ್ಪ ಪೈಪ್, ಆಕ್ಸಲ್ ಗಟ್ಟಿ ರಾಡ್. ನಾನೊಮ್ಮೆ ಪ್ರೊಪೆಲ್ಲರ್ ಉದ್ದ ಕಡಿಮೆ ಮಾಡಿಸಲು ಒಬ್ಬರ ಹತ್ತಿರ ಪೈಪ್ ಕತ್ತರಿಸಿ ವೆಲ್ಡ್ ಮಾಡಿಸಿದೆ. ಎರಡು ತುದಿಯ ಯೋಕ್ (ಜಾಯಿಂಟ್ ಹಿಡಿಯುವ ಕವೆ) ಒಂದೇ ನೇರಕ್ಕೆ ಇರಬೇಕು, ಅವರು ಕಣ್ಣಂದಾಜಿನಲ್ಲಿ ಕೂರಿಸಿದ್ದರು. ಸ್ಪೀಡ್ 60 ಕಿಮೀ ದಾಟಿದರೆ ಸೀಟ್ ಕೆಳಗೆ ಜೇನುಗೂಡು ಇಟ್ಟ ಹಾಗೆ. ಮೂರು ತಿಂಗಳಲ್ಲಿ ಎರಡು ಜಾಯಿಂಟ್ ಕ್ರಾಸ್ (ಜಾಯಿಂಟ್ ಒಳಗಿನ ಶಿಲುಬೆ ಆಕಾರದ ತುಂಡು) ಹೋಯಿತು.

ಮುಂದಿನ ಕ್ರಾಸ್ ಮುರಿದರೆ ಶಾಫ್ಟ್ ತುದಿ ನೆಲಕ್ಕೆ ಕುಟ್ಟಿ ಗಾಡಿಯನ್ನೇ ಮೇಲೆತ್ತುತ್ತದೆ, ಇಲ್ಲವೇ ನೆಲಹಾಸು ಒಡೆದು ಒಳಗೆ ಬರುತ್ತದೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ರೂಲ್ ಪ್ರಕಾರ ಸ್ಲಿಕ್ (ಗೀರಿಲ್ಲದ ರೇಸ್) ಟೈರ್ ಹಾಕಿ ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಶಾಫ್ಟ್ ಸುತ್ತ ಉಕ್ಕಿನ ಬಳೆ ಕಡ್ಡಾಯ. ಮುಂದಿನ ಕ್ರಾಸ್‌ನಿಂದ 6 ಇಂಚು ಒಳಗೆ ಇರಬೇಕು, ಪಟ್ಟಿ ಕಾಲು ಇಂಚು ದಪ್ಪ, 2 ಇಂಚು ಅಗಲ. ನನ್ನ ಜಿಪ್ಸಿ 13.99 ಕನಸಲ್ಲೂ ಓಡುವುದಿಲ್ಲ. ಆದರೂ ಹಾಕಿಸಿದ್ದೇನೆ, ಗೇಟ್ ಮಾಡುವವರೇ ಪಟ್ಟಿ ಬಗ್ಗಿಸಿ ಕೊಟ್ಟರು.

ಮತ್ತೆ, ಹೊಸ ಹುಡುಗರು ಇದನ್ನೆಲ್ಲ ಓದಿ ರೇಸ್ ಮಾಡಲು ಬೈಪಾಸ್‌ಗೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದು ಬಿಡಿ, ರಾತ್ರಿ ಹೈವೇಯಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎಷ್ಟಿರುತ್ತವೆ ಅಂತ ನಮಗೆ ಹೇಳಿಕೊಡಬೇಕಾ? ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ, ದೇಶದ ಮೋಟಾರ್ ರೇಸ್ ಸಂಸ್ಥೆ ಎಫ್‌ಎಂಎಸ್‌ಸಿಐ ಲೈಸೆನ್ಸ್ ಮಾಡಿಸಿ ಹೋಗಿ.

ಮಂಡಕ್ಕಿ ಡೀಸೆಲ್:

ಮೂರು ವಾರ ಆಯಿತು, ಬಂದು ಹೇಳುತ್ತಿದ್ದೇನೆ.

ದುರ್ಗದ ಅಣ್ಣ ಹೇಳಿದ ಹಾಗೆ ನೋಡಿದೆ. ಕ್ಲಚ್ ಬಿಟ್ಟರೆ ಎಂಜಿನ್ ತೊಟ್ಟಿಲ ಹಾಗೆ ತೂಗುತ್ತಿತ್ತು. ಕೆಳಗಿನ ಮೌಂಟಿಂಗ್ ಬಿಚ್ಚಿದರೆ ರಬ್ಬರ್ ಒಂದು ಕಡೆ ಪೂರ್ತಿ ಹರಿದು ಬಾಯಿ ತೆರೆದಿದೆ. ಮೇಸ್ತ್ರಿ ಮುಖ ನೋಡಬೇಕಿತ್ತು. ಮೂರೂ ಮೌಂಟಿಂಗ್ ಹೊಸದು ಹಾಕಿಸಿದೆ. ಉದ್ದ, ಗಿಡ್ಡ ಎರಡೂ ಆಕ್ಸಲ್ ಹೊಸದು, ಬಿಲ್ ಸಮೇತ ಕಂಪನಿಯದ್ದೇ. ತಗ್ಗಿಸಿದ್ದ ಸ್ಪ್ರಿಂಗ್ ತೆಗೆದು ಮೊದಲಿನದು ಹಾಕಿದ್ದರಿಂದ ಆಕ್ಸಲ್ ಈಗ ಹೆಚ್ಚು ಓರೆ ನಿಲ್ಲುವುದಿಲ್ಲ. ರೀಮ್ಯಾಪ್ ಮಾಡಿದವರಿಗೆ ಹೇಳಿ ಫಸ್ಟ್ ಗೇರ್‌ನಲ್ಲಿ ಬೂಸ್ಟ್ ಇಳಿಸಿದ್ದೇನೆ. ಕ್ಲಚ್ ಒದ್ದು ಬಿಡುವುದಿಲ್ಲ, ಜಾರಿಸಿ ಬಿಡುತ್ತೇನೆ.

402 ಮೀಟರ್ ಅವರು ಫೋನ್‌ನಲ್ಲಿ ಇನ್ನೊಂದು ಲೆಕ್ಕ ಹೇಳಿದರು. 60 ಸೆಂಟಿಮೀಟರ್ ಉದ್ದದ 24 ಎಂಎಂ ರಾಡ್‌ಗೆ 800 ಎನ್‌ಎಂ ಬಿದ್ದರೆ ಅದು ಹತ್ತು ಡಿಗ್ರಿಗಿಂತ ಜಾಸ್ತಿ ತಿರುಚಿಕೊಳ್ಳುತ್ತದಂತೆ, ಭಾರ ಇಳಿದ ಮೇಲೆ ವಾಪಸ್ ಬರುತ್ತದಂತೆ. ಉಕ್ಕು ಅಷ್ಟೊಂದು ಬಳುಕುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗಿಡ್ಡದ್ದು ಅದರ ಅರ್ಧ ಉದ್ದ, ಅರ್ಧ ತಿರುಚು. ಲಾಂಚ್‌ನಲ್ಲಿ ಸ್ಟೀರಿಂಗ್ ಒಂದೇ ಕಡೆ ಎಳೆಯುತ್ತಿದ್ದುದರಲ್ಲಿ ಇದರ ಪಾಲೂ ಇದೆಯಂತೆ. ಅವರೇ ಹೇಳಿದ ಉಪಾಯ: ಎರಡೂ ಆಕ್ಸಲ್ ಮೇಲೆ ಈ ತುದಿಯಿಂದ ಆ ತುದಿಗೆ ಬಿಳಿ ಪೇಂಟ್‌ನಲ್ಲಿ ನೇರ ಗೆರೆ ಎಳೆದೆ.

ಮೊದಲ ದಿನ ಟ್ರ್ಯಾಕ್‌ನಲ್ಲಿ ಆರು ಲಾಂಚ್. ಕುಣಿತ ಇಲ್ಲ, ಗೆರೆ ನೇರ. ಎರಡನೇ ದಿನ ಗೆಳೆಯನ ಅಂಟು ಟೈರ್ ಹಾಕಿ ನಾಲ್ಕು ಲಾಂಚ್. ಮನೆಗೆ ಬಂದು ಜಾಕ್ ಹಾಕಿ ನೋಡಿದರೆ ಗಿಡ್ಡದರ ಗೆರೆ ನೇರ ಇದೆ. ಉದ್ದದ್ದು ಒಳತುದಿ ಹತ್ತಿರ ಒಂದು ಎಂಎಂ ಅಷ್ಟು ಬಾಗಿದೆ. ಗಾಡಿ ಚೆನ್ನಾಗಿ ಓಡುತ್ತಿದೆ, ಸದ್ದಿಲ್ಲ, ನಡುಕ ಇಲ್ಲ. ನಾಳೆ ಹರಪನಹಳ್ಳಿಗೆ ಮಂಡಕ್ಕಿ ಲೋಡ್ ಇದೆ. ಓಡಿಸಬಹುದಾ?

ದುರ್ಗದ ಲೇತ್:

ಆ ಟೈರ್ ಹಾಕಿದಾಗ ಕುಣಿಯಿತಾ?

ಮಂಡಕ್ಕಿ ಡೀಸೆಲ್:

ಕೊನೆಯ ಲಾಂಚ್‌ನಲ್ಲಿ ಒಂದೆರಡು ಸಲ.

ದುರ್ಗದ ಲೇತ್:

ಬಿಚ್ಚಿಡು ತಮ್ಮಾ. ಭಾರ ಇಳಿದ ಮೇಲೂ ಗೆರೆ ನೇರ ಆಗಲಿಲ್ಲ ಅಂದರೆ ಆ ಜಾಗದಲ್ಲಿ ಉಕ್ಕು ಸೋತಿದೆ. ಮಂಡಕ್ಕಿ ಲೋಡ್‌ಗೆ ಬೇರೆ ಗಾಡಿ ಮಾಡು. ಬಿಚ್ಚಿದ್ದನ್ನು ಗುಜರಿಗೆ ಹಾಕುವ ಮುಂಚೆ ನಡುವೆ ಗ್ರೈಂಡರ್ ಇಟ್ಟು ಎರಡು ತುಂಡು ಮಾಡು, ಇನ್ನೊಬ್ಬ ಅದನ್ನು ಕೊಂಡು ಹಾಕಿಕೊಳ್ಳುವುದು ಬೇಡ.